ಗೂಡ್ಸ್ ಹುಸೇನನ ಡಬ್ಬಿಗಳು

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ಬೀದಿಗೊಬ್ಬರು ಸಿಗುತ್ತಾರೆ. ಗೂಡ್ಸ್ ಹುಸೇನ್ ಮಾತ್ರ ಒಬ್ಬನೇ. ಮಿಕ್ಕವರು ಮಕ್ಕಳ ಕಣ್ಣಿಗೆ ಬೀಳುವಂಥ ಇಂಜಿನ್ನು, ಕಿಟಕಿ ಬರೆದ ಪ್ಯಾಸೆಂಜರ್ ಬೋಗಿ ಮಾಡಿ ಮಾರಿಕೊಂಡರೆ ಈ ಮಹಾರಾಯ ಜೀವಮಾನವೆಲ್ಲ ಮಾಡಿದ್ದು ಬರೀ ಗೂಡ್ಸ್ ಡಬ್ಬಿ. ಎಣ್ಣೆಯ ಟ್ಯಾಂಕು, ಕಲ್ಲಿದ್ದಲಿನ ತೆರೆದ ಡಬ್ಬಿ, ದನ ಸಾಗಿಸುವ ಕಂಬಿ ಡಬ್ಬಿ, ಗಾರ್ಡು ಕೂರುವ ಕೊನೆಯ ಡಬ್ಬಿ. ಶುಕ್ರವಾರ ನಮಾಜು ಮುಗಿಸಿ ಸೀದಾ ಸ್ಟೇಷನ್ನಿಗೆ ಹೋಗಿ, ಕಲ್ಲುಬೆಂಚಿನ ಮೇಲೆ ಕೂತು, ಮೈಸೂರು ಕಡೆಯಿಂದ ಬರುವ ಗೂಡ್ಸನ್ನು ಹೆಣ್ಣು ನೋಡಲು ಬಂದವನಂತೆ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದ. ಮರವನ್ನು ತಿರುಗಿಸಿ ಕಡೆಯುವ ಲೇತಿನ ಮೇಲೆ ಚೌಕ ಹುಟ್ಟುವುದಿಲ್ಲ. ಹಾಗಾಗಿ ಅವನ ಡಬ್ಬಿಗಳೆಲ್ಲ ದುಂಡು ದುಂಡು, ಹಬ್ಬದೂಟ ಉಂಡು ಮಲಗಿದವರ ಹೊಟ್ಟೆಯ ಹಾಗೆ. ನೋಡಿದವರು ನಗುತ್ತಿದ್ದರು, ಆದರೂ ಕೊಳ್ಳುತ್ತಿದ್ದರು. ಅರವತ್ತು ಎಪ್ಪತ್ತರ ದಶಕದಲ್ಲಿ ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಆ ಡಬ್ಬಿಗೆ ದಾರ ಕಟ್ಟಿ ಎಳೆಯದ ಮಕ್ಕಳು ಕಡಿಮೆ. ಹುಸೇನ್ ಮಾತ್ರ ತನ್ನ ಮನೆಯಲ್ಲಿ ಒಂದನ್ನೂ ಇಟ್ಟುಕೊಂಡವನಲ್ಲ.

ಅವನ ಹೆಂಡತಿ ರಹೀಮಾ ರಾಮನಗರದ ರೇಷ್ಮೆ ಬಿಚ್ಚಾಣಿಕೆಯವರ ಮಗಳು. ಹುಟ್ಟಿದ್ದು ಬೆಳೆದದ್ದು ಗೂಡು ಬೇಯುವ ಹಬೆಯಲ್ಲಿ. ಮರದ ಪುಡಿ ಮೂಗಿಗೆ ಬಡಿದರೆ ಸೀನು ನಿಲ್ಲದು. ಅದಕ್ಕೇ ಮದುವೆಯಾದಂದಿನಿಂದ ಗಂಡನ ಲೇತಿನ ಕೊಟ್ಟಿಗೆಯ ಹೊಸಿಲು ತುಳಿದವಳಲ್ಲ. "ಇಂಜಿನ್ನೇ ಇಲ್ದ ರೈಲು ಎಲ್ಲಿಗೆ ಹೋಗ್ತೈತ್ರೀ?" ಅಂತ ಕೆಣಕುವಳು. "ಎಲ್ಲಿಗೂ ಹೋಗಲ್ಲ, ಮನೇಲೇ ಇರ್ತೈತೆ, ನನ್ನಂಗೆ," ಅಂತ ಅವನು ನಗುವನು.

ಮೀಟರ್ ಗೇಜ್ ಕಿತ್ತು ದೊಡ್ಡ ಹಳಿ ಹಾಕಿದ ಮೇಲೆ ಒಂದು ಮಳೆಗಾಲದಲ್ಲಿ ಹುಸೇನನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ನಾಲಿಗೆ ಮಡಿಚಿಕೊಂಡಿತು. ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಮೊದಲೇ ಮಂಜು ಕವಿದಿತ್ತು. ಆಸ್ಪತ್ರೆಯವರು ಮನೆಗೆ ಕಳಿಸುತ್ತ, "ಹೊಟ್ಟೆಗೆ ಹೋದರೆ ಉಳೀತಾರೆ, ಇಲ್ಲದಿದ್ದರೆ ಇಲ್ಲ," ಅಂದರು. ಹುಸೇನ್ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮಲಗಿದವನು ಹಲ್ಲು ಕಚ್ಚಿಕೊಂಡ. ಗಂಜಿಯ ಚಮಚ ತುಟಿಗೆ ತಾಗಿದರೆ ಮುಖ ತಿರುಗಿಸುವನು. ಕೈಬಿದ್ದ ಕಸುಬುದಾರನಿಗೆ ಬದುಕು ಬೇಡವಾಗಿತ್ತು, ಅದು ಯಾರಿಗಾದರೂ ತಿಳಿಯುವಂತಿತ್ತು. ರಹೀಮಾ ದರ್ಗಾಕ್ಕೆ ಹೋಗಿ ದಾರ ಕಟ್ಟಿಸಿಕೊಂಡು ಬಂದಳು, ಖೀರು ಮಾಡಿದಳು, ಬೈದಳು, ಕಾಲು ಹಿಡಿದಳು. ಕಣ್ಣೆದುರಿಗೇ ಗಂಡ ಒಣಗಿ ಹೋಗುತ್ತಿದ್ದ. ಒಲೆಯ ಮುಂದೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅಳುವುದು ಬಿಟ್ಟರೆ ಅವಳಿಗೆ ಬೇರೆ ದಾರಿ ಕಾಣಲಿಲ್ಲ.

ಹೀಗಿರುವಾಗ ದೊಡ್ಡಮಳೂರಿನ ಸೊಪ್ಪು ಮಾರುವ ಮಾಯಮ್ಮ ಬಾಗಿಲಿಗೆ ಬಂದಳು. ಬುಟ್ಟಿ ಇಳಿಸಿ, ಉಸ್ಸೆಂದು ಕೂತು, ಸೊಂಟದಿಂದ ನಶ್ಯದ ಡಬ್ಬಿ ತೆಗೆದು ಮುಚ್ಚಳ ತಿರುಗಿಸಿದಳು. ಮರದ ಮುಚ್ಚಳ ಕಿರ್ ಅಂದಿತು. ಒಳಗೆ ಗೋಡೆ ನೋಡುತ್ತಿದ್ದ ಹುಸೇನನ ತಲೆ ಈ ಕಡೆ ಹೊರಳಿತು.

ರಹೀಮಾ ಅದನ್ನು ಕಂಡಳು. ಓಡಿಹೋಗಿ ಮಾಯಮ್ಮನ ಕೈ ಹಿಡಿದಳು. ನೋಡಿದರೆ ಅದು ಹುಸೇನನೇ ಮಾಡಿದ ಎಣ್ಣೆಯ ಟ್ಯಾಂಕು. ಒಂದು ಚಕ್ರ ಹೋಗಿತ್ತು, ಹಸಿರು ಬಣ್ಣ ಹಾಗೇ ಇತ್ತು.

"ಇದ ನಂಗೆ ಕೊಡವ್ವಾ, ನಿಂಗೆ ಸ್ಟೀಲಿನ ಡಬ್ಬಿ ಕೊಡ್ತೀನಿ."

"ಅಯ್ ಬೂಬಮ್ಮ, ಸ್ಟೀಲಿನಲ್ಲಿ ನಸ್ಯ ಒಣಗೋಯ್ತದೆ ಕಣವ್ವಾ," ಅಂತ ಮಾಯಮ್ಮ ಮೊದಲು ರಾಗ ಎಳೆದಳು. ಆಮೇಲೆ ಒಳಗೆ ಇಣುಕಿ ಮಲಗಿದ್ದವನನ್ನು ನೋಡಿ, ನಶ್ಯವನ್ನೆಲ್ಲ ಎಲೆಯೊಂದಕ್ಕೆ ಸುರಿದುಕೊಂಡು ಡಬ್ಬಿ ಕೊಟ್ಟಳು. "ಇಟ್ಕೊ. ಗಂಡ ಮುಖ್ಯ, ನಸ್ಯ ಅಲ್ಲ."

ರಹೀಮಾ ಅದನ್ನು ಹುಸೇನನ ಎಡಗೈಗೆ ಇಟ್ಟಳು. ಅವನ ಬೆರಳು ಮುಚ್ಚಳದ ಸುತ್ತ ಹೋಯಿತು, ಹೊಟ್ಟೆ ಸವರಿತು, ಚಕ್ರ ಹೋದ ಜಾಗದಲ್ಲಿ ನಿಂತಿತು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಆ ಹೊತ್ತಿಗೆ ಸರಿಯಾಗಿ ಅವಳು ಚಮಚ ಹಿಡಿದಳು. ಅವನು ಬಾಯಿ ತೆರೆದ.

ಅಲ್ಲಿಂದ ಶುರುವಾಯಿತು ನೋಡಿ ಅವಳ ಅಲೆದಾಟ. ಮನೆ ಬಿಟ್ಟು ಕದಲದ ಹೆಂಗಸು ಬಸ್ಸು ಹತ್ತಿ ಊರೂರು ತಿರುಗಿದಳು. ಮಕ್ಕಳು ಆಡಿ ಬಿಟ್ಟ ಆಟಿಕೆ ಒಂದು ಮನೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಉಳಿಯಬೇಕಾದರೆ ಅದು ದೊಡ್ಡವರ ಯಾವುದಾದರೂ ಕೆಲಸಕ್ಕೆ ಬರಬೇಕು. ಅದು ಅವಳಿಗೆ ಬೇಗ ತಿಳಿಯಿತು. ಹಾಗಾಗಿ ಮಕ್ಕಳ ಪೆಟ್ಟಿಗೆಯನ್ನು ಕೇಳದೆ ಅಡಿಗೆಮನೆ, ದೇವರ ಗೂಡು, ಅಟ್ಟ ಕೇಳಿದಳು. ಉಯ್ಯಂಬಳ್ಳಿಯ ಕರಿಯಪ್ಪನ ಮನೆಯಲ್ಲಿ ದನದ ಡಬ್ಬಿಯೊಳಗೆ ಸೋರೆ ಬೀಜ ಸಿಕ್ಕಿದವು. ಮಾಗಡಿ ಪೇಟೆಯ ದರ್ಜಿಯೊಬ್ಬ ಕಲ್ಲಿದ್ದಲ ಡಬ್ಬಿಯಲ್ಲಿ ಗುಂಡಿ ಇಟ್ಟಿದ್ದ. ಕನಕಪುರದಲ್ಲಿ ಗಾರ್ಡಿನ ಡಬ್ಬಿ ಒಬ್ಬರ ಬಾಗಿಲಿಗೆ ಒತ್ತಾಗಿ ಕೂತಿತ್ತು. ಒಂದಕ್ಕೆ ತಾಮ್ರದ ಚೊಂಬು ಕೊಟ್ಟಳು, ಇನ್ನೊಂದಕ್ಕೆ ಮದುವೆಯ ತಟ್ಟೆ, ಮತ್ತೊಂದಕ್ಕೆ ಒಳ್ಳೆಯ ಸೀರೆ. ಮನೆಯ ಹಲಗೆ ಖಾಲಿಯಾದಂತೆ ಹಾಸಿಗೆಯ ಪಕ್ಕ ಗೂಡ್ಸ್ ಬಂಡಿ ಉದ್ದವಾಯಿತು.

ಕೂಟಗಲ್ಲಿನ ಕೆಂಚಮ್ಮ ಮಾತ್ರ ಕೊಡಲಿಲ್ಲ. ಅವಳ ದೇವರ ಗೂಡಿನಲ್ಲಿ ಕೆಂಪು ತೆರೆದ ಡಬ್ಬಿಯೊಂದರಲ್ಲಿ ಕುಂಕುಮ ತುಂಬಿತ್ತು. "ಗೌರಿ ಹಬ್ಬದ ಕುಂಕುಮ ಅದ್ರಾಗೇ ಮಡಗೋದು. ತೆಗ್ದು ಕೊಡಕ್ಕೆ ಆಯ್ತದಾ? ಬುಟ್ಬುಡವ್ವ," ಅಂದಳು. ರಹೀಮಾ ಬಿಟ್ಟಳು. ಕುಂಕುಮದ ಬಟ್ಟಲನ್ನು ಇನ್ನೊಬ್ಬ ಮುತ್ತೈದೆಯ ಮನೆಯಿಂದ ಕಿತ್ತು ತರುವುದು ಅವಳಿಗೂ ಸರಿ ಕಾಣಲಿಲ್ಲ.

ಸಂಜೆ ಗಂಜಿಯ ಹೊತ್ತಿಗೆ ಒಂದೊಂದು ಡಬ್ಬಿ ಹುಸೇನನ ಕೈಗೆ. ಎಲ್ಲಿಂದ ತಂದದ್ದು ಅಂತ ಅವಳು ಊರಿನ ಹೆಸರು ಹೇಳಬೇಕು, ಆ ಮನೆಯವರು ಏನಂದರು ಅಂತ ಹೇಳಬೇಕು. ಅವನು ಚಕ್ರ ತಿರುಗಿಸುತ್ತ ಕೇಳುವನು, ಕೇಳುತ್ತ ಉಣ್ಣುವನು. ಬರಬರುತ್ತ ನಾಲಿಗೆಯೂ ಒಸಿ ಸಡಿಲವಾಯಿತು. ಒಂದು ದಿನ "ನೀರು" ಅಂದ. ಇನ್ನೊಂದು ದಿನ "ರಹೀಮಾ" ಅಂದ. ಆ ದಿನ ಅವಳು ಬೀದಿಯವರಿಗೆಲ್ಲ ಸಕ್ಕರೆ ಹಂಚಿದಳು, ಗಂಡನಿಗೆ ಸಕ್ಕರೆ ಕಾಯಿಲೆ ಅನ್ನುವುದನ್ನೂ ಮರೆತು.

ಒಂದು ಬೆಳಿಗ್ಗೆ ಗುಡಿಸುವಾಗ ಡಬ್ಬಿಗಳ ಕೆಳಗೆ ಹಿಟ್ಟಿನಂಥ ಬಿಳಿ ಪುಡಿ ಕಂಡಿತು. ಗುಡಿಸಿದಳು. ಮಾರನೆಯ ಬೆಳಿಗ್ಗೆ ಮತ್ತೆ ಬಿದ್ದಿತ್ತು. ಎತ್ತಿ ನೋಡಿದರೆ ದನದ ಡಬ್ಬಿಯ ಹೊಟ್ಟೆಯಲ್ಲಿ ಸೂಜಿ ಮೊನೆಯಷ್ಟು ತೂತುಗಳು. ಪಕ್ಕದ್ದರಲ್ಲೂ. ಅದರ ಪಕ್ಕದ್ದರಲ್ಲೂ. ಗಂಡನನ್ನು ಕೇಳುವಂತಿಲ್ಲ. ನಿನ್ನ ಡಬ್ಬಿಯನ್ನು ಹುಳ ತಿನ್ನುತ್ತಿದೆ ಅಂತ ಯಾವ ಬಾಯಲ್ಲಿ ಹೇಳುವುದು?

ಭಾವನನ್ನು ನೋಡಲು ರಾಮನಗರದಿಂದ ತಮ್ಮ ಶರೀಫ್ ಬಂದಿದ್ದ. ತವರಿನ ರೇಷ್ಮೆ ಬಿಚ್ಚುವ ಚರಕಗಳನ್ನು ಈಗ ನಡೆಸುವವನು ಅವನೇ. ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಆಪಾ, ಒಳಗೆ ಹುಳ ಜೀವಂತ ಐತೆ. ಇದಕ್ಕ್ಯಾಕೆ ಇಷ್ಟು ಯೋಚ್ನೆ? ಗೂಡಿಗೆ ಕೊಟ್ಟಂಗೆ ಹಬೆ ಕೊಟ್ರೆ ಆಯ್ತು," ಅಂದ. ರೇಷ್ಮೆಗೂಡಿನೊಳಗಿನ ಹುಳ ಚಿಟ್ಟೆಯಾಗಿ ಗೂಡು ಕೊರೆಯುವ ಮೊದಲೇ ಬುಟ್ಟಿಗೆ ತುಂಬಿ ಕುದಿನೀರಿನ ಹಬೆಗೆ ಹಿಡಿದು ಕೊಲ್ಲುವುದು ಅವರ ಕುಲದ ಕೆಲಸ. ಅಕ್ಕ ತಮ್ಮ ಇಬ್ಬರೂ ಅಕ್ಷರಕ್ಕಿಂತ ಮೊದಲು ಕಲಿತದ್ದು ಅದನ್ನೇ. ಹುಳ ಅಂದ ಕೂಡಲೇ ಅವರ ಕೈ ಹಂಡೆಯ ಕಡೆ ಹೋಗುತ್ತದೆ, ತಲೆಯನ್ನು ಕೇಳುವುದಿಲ್ಲ.

ಮಧ್ಯಾಹ್ನ ಹುಸೇನ್ ನಿದ್ದೆ ಹೋದ. ಹಿತ್ತಿಲಲ್ಲಿ ಹಂಡೆ ಕುದಿಯಿತು. ಡಬ್ಬಿಗಳನ್ನು ಒಂದೂ ಬಿಡದೆ ಬುಟ್ಟಿಗೆ ಜೋಡಿಸಿ, ಹಂಡೆಯ ಬಾಯಿಗೆ ಇಟ್ಟು, ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು. ಶರೀಫ್ ಬೀಡಿ ಹಚ್ಚಿದ. ಗೂಡಿಗೆ ಎಷ್ಟು ಹೊತ್ತೋ ಅಷ್ಟು ಹೊತ್ತು ಬಿಟ್ಟರು. ಗೋಣಿ ತೆಗೆದಾಗ ಹಬೆ ಮುಖಕ್ಕೆ ಹೊಡೆಯಿತು, ಹಬೆಯ ಜೊತೆ ಅರಗಿನ ವಾಸನೆ.

ಅರಗು ಕಾವಿಗೆ ಕರಗುತ್ತದೆ ಅನ್ನುವುದು ಚನ್ನಪಟ್ಟಣದ ಕೂಸಿಗೂ ಗೊತ್ತು. ಲೇತಿನ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಿನ ಬಿಸಿಗೇ ಬಣ್ಣ ಹತ್ತುವುದು. ಅಷ್ಟು ವರ್ಷ ಗೊಂಬೆ ಮಾಡುವವನ ಜೊತೆ ಸಂಸಾರ ಮಾಡಿದವಳಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆ ಒಂದು ಗಳಿಗೆ ನೆನಪಾಗಲಿಲ್ಲ, ಅಷ್ಟೆ. ಹಸಿರು ಕೆಂಪಿಗೆ ಇಳಿದು, ಕೆಂಪು ಹಳದಿಗೆ ಇಳಿದು, ಎಲ್ಲ ಸೇರಿ ಕೆಸರಿನ ಬಣ್ಣವಾಗಿತ್ತು. ಚಕ್ರಗಳು ಹೊಟ್ಟೆಗೆ ಅಂಟಿದ್ದವು, ಡಬ್ಬಿಗಳು ಒಂದಕ್ಕೊಂದು ಅಂಟಿದ್ದವು, ಮರ ಉಬ್ಬಿ ಸೀಳಿತ್ತು. ರಹೀಮಾ ಬರಿಗೈಯಲ್ಲಿ ಬಿಡಿಸಲು ಹೋದಳು. ಬಿಸಿ ಅರಗು ಬೆರಳಿಗೆ ಹತ್ತಿ ಚರ್ಮ ಎದ್ದಿತು, ಅದೂ ಅವಳಿಗೆ ತಿಳಿಯಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಶರೀಫ್ ಬೀಡಿ ಎಸೆದು, "ಆಪಾ... ಆಪಾ..." ಅನ್ನುತ್ತ ನಿಂತಿದ್ದ. "ಹೋಗು," ಅಂದಳು ಅವಳು. "ನನ್ನ ಕಣ್ಮುಂದೆ ನಿಲ್ಬೇಡ, ಹೋಗು."

ಅಂದು ಸಂಜೆ ಹುಸೇನನ ಎಡಗೈ ಹಾಸಿಗೆಯ ಪಕ್ಕ ತಡಕಾಡಿತು. "ತೊಳೆದು ಒಣಗಕ್ಕೆ ಹಾಕಿದೀನಿ ಕಣ್ರೀ," ಅಂದಳು. ಮಾರನೆಯ ದಿನವೂ ಅದನ್ನೇ ಅಂದಳು. ಅವನು ಕೈ ಎಳೆದುಕೊಂಡ, ಮುಖ ಗೋಡೆಗೆ ಹೋಯಿತು, ಹಲ್ಲು ಕಚ್ಚಿಕೊಂಡಿತು. ಮೊದಲೇ ಮೂಳೆಯಾಗಿದ್ದ ದೇಹ. ಇನ್ನು ಈ ಬಾರಿ ಗೋಡೆ ಕಡೆ ತಿರುಗಿದವನು ಈ ಕಡೆ ತಿರುಗುವುದಿಲ್ಲ ಅನ್ನುವುದು ಅವಳಿಗೆ ಖಾತ್ರಿಯಾಯಿತು. ಕೊಂದವಳು ನಾನೇ, ಅಂದುಕೊಂಡಳು.

ಬೆಳಗಾಗುತ್ತಲೇ ಪಕ್ಕದ ಮನೆಯವರನ್ನು ಕೂರಿಸಿ ಕೂಟಗಲ್ಲಿಗೆ ಹೋದಳು. ಕೆಂಚಮ್ಮ ಅಂಗಳಕ್ಕೆ ನೀರು ಹಾಕುತ್ತಿದ್ದಳು. ರಹೀಮಾ ಏನೂ ಹೇಳದೆ ಆ ಒದ್ದೆ ಅಂಗಳದಲ್ಲೇ ಕೂತು ಬಟ್ಟೆ ಸುತ್ತಿದ ಕೈಯಿಂದ ಅವಳ ಕಾಲು ಹಿಡಿದಳು.

"ಅಯ್ಯಯ್ಯೋ, ಏಳವ್ವ! ನನ್ನ ಕಾಲ್ಯಾಕ್ ಮುಟ್ಟೀಯೆ? ಏನಾಯ್ತು?"

ರಹೀಮಾ ಅಳುತ್ತ ಹಬೆಯ ಕಥೆ ಹೇಳಿದಳು. ಕೆಂಚಮ್ಮ ಚೊಂಬು ಹಿಡಿದುಕೊಂಡೇ ಕೇಳಿದಳು. ಆಮೇಲೆ ಒಳಗೆ ಹೋಗಿ, ಕುಂಕುಮವನ್ನು ಬಾಳೆ ಎಲೆಗೆ ತೆಗೆದು, ಕೆಂಪು ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ತಂದಳು. "ತಗಂಡೋಗು. ನನ್ನ ಕುಂಕುಮ ಎಲೆ ಮ್ಯಾಲೂ ಇರ್ತದೆ. ನಿನ್ನ ಗಂಡ ಇನ್ನೆಲ್ಲವ್ವ ಇರ್ತಾನೆ?"

ಅಂದು ಸಂಜೆ ಹುಸೇನ್ ಆ ಡಬ್ಬಿಯನ್ನು ಬಹಳ ಹೊತ್ತು ಹಿಡಿದಿದ್ದ. ಬೆರಳು ಒಳಗೆ ಹೋಗಿ ತಳ ಸವರಿ ಬಂತು. "ಕೂಟಗಲ್ಲಿಂದು," ಅಂದಳು. ಗಂಜಿ ಉಂಡ. ಮಾರನೆಯ ಸಂಜೆಗೆ? ಇರುವುದೊಂದು. ಅವಳ ಬುದ್ಧಿ ಎಂಥೆಂಥ ಕಳ್ಳದಾರಿ ಹಿಡಿಯಿತೋ. ಅದೇ ಡಬ್ಬಿಗೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ಕಟ್ಟಿ, "ಇದು ದೊಡ್ಡಮಳೂರಿನ ಟ್ಯಾಂಕು," ಅಂದಳು. ಇನ್ನೊಂದು ದಿನ ಸುತ್ತ ಪೊರಕೆಕಡ್ಡಿ ಕಟ್ಟಿ, "ಉಯ್ಯಂಬಳ್ಳಿ ದನದ ಡಬ್ಬಿ," ಅಂದಳು. ರಾಗಿ ತುಂಬಿ ಕನಕಪುರ ಅಂದಳು, ಹುರುಳಿ ತುಂಬಿ ಮಾಗಡಿ ಅಂದಳು. ಇದ್ದ ಊರು ಮುಗಿದ ಮೇಲೆ ತಾನು ಕಾಣದ ಊರನ್ನೂ, ಅಲ್ಲಿನ ಇಲ್ಲದ ಜನರನ್ನೂ ಕಟ್ಟಿದಳು. ಕಣ್ಣು ಕಾಣದವನಿಗೆ, ನಾಲಿಗೆ ಆಡದವನಿಗೆ, ಕಟ್ಟಿಕೊಂಡ ಗಂಡನಿಗೆ ದಿನಾ ಸುಳ್ಳು ಉಣಿಸುತ್ತಿದ್ದೇನೆ ಅಂತ ನಮಾಜಿನಲ್ಲಿ ತಲೆ ಎತ್ತಲಾರದೆ ಒದ್ದಾಡಿದಳು. ಅವನು ಮಾತ್ರ ಚಕ್ರ ತಿರುಗಿಸುವನು, ಕೇಳುವನು, ಬಾಯಿ ತೆರೆಯುವನು. ಆದರೂ ದಿನದಿನಕ್ಕೆ ಇಳಿಯುತ್ತಲೇ ಹೋದ. ಚಮಚದಲ್ಲಿ ಅರ್ಧ ಒಳಗೆ, ಅರ್ಧ ಗಲ್ಲದ ಮೇಲೆ.

ಒಂದು ಸಂಜೆ ಅವಳು ಬಹಳ ದಣಿದಿದ್ದಳು. ಮುಚ್ಚಳ ಕಟ್ಟಲಿಲ್ಲ, ಕಡ್ಡಿ ಕಟ್ಟಲಿಲ್ಲ, ಒಳಗೆ ಏನೂ ತುಂಬಲಿಲ್ಲ. ಡಬ್ಬಿಯನ್ನು ಹಾಗೇ ಅವನ ಅಂಗೈಗಿಟ್ಟು, "ಕೂಟಗಲ್ಲಿಂದು," ಅಂದುಬಿಟ್ಟಳು.

ಹುಸೇನ್ ಚಕ್ರ ತಿರುಗಿಸಲಿಲ್ಲ. ಡಬ್ಬಿಯನ್ನು ಪಕ್ಕಕ್ಕಿಟ್ಟು ಅವಳ ಕೈ ಹುಡುಕಿದ. ಬಟ್ಟೆ ಬಿಚ್ಚಿದ್ದ ಬೆರಳುಗಳ ಮೇಲೆ ಅರಗು ಸುಟ್ಟ ಗಾಯವನ್ನು ಒಂದೊಂದಾಗಿ ಸವರಿದ. ನಾಲಿಗೆಯನ್ನು ಕಷ್ಟಪಟ್ಟು ಎತ್ತಿ ತಡೆದು ತಡೆದು ಮಾತಾಡಿದ.

"ಇದಕ್ಕೆ... ಕೂಟಗಲ್ಲು... ನೀನು ಆಗ್ಲೇ ಹೇಳಿದ್ದೆ, ರಹೀಮಾ. ಬೇರೆ ಊರು ಹೇಳು."

ಅವಳ ಕೈಯಲ್ಲಿ ಚಮಚ ನಿಂತಿತು. ಮೊದಲ ದಿನದಿಂದಲೂ ಗೊತ್ತಿತ್ತು ಇವನಿಗೆ. ಜಾಡಿಯ ಮುಚ್ಚಳ, ಪೊರಕೆಕಡ್ಡಿ, ಹುರುಳಿಕಾಳು, ಎಲ್ಲ ಗೊತ್ತಿತ್ತು. ತನ್ನ ಡಬ್ಬಿಗಳೆಲ್ಲ ಹೋದವು ಅಂತ ಗೊತ್ತಿದ್ದೂ, ಬದುಕುವ ಆಸೆ ಇಲ್ಲದಿದ್ದೂ, ಇವಳಿಗೋಸ್ಕರ ದಿನಾ ಬಾಯಿ ತೆರೆಯುತ್ತಿದ್ದ.

ರಹೀಮಾ ಹೇಳಲು ಇನ್ನೊಂದು ಊರಿನ ಹೆಸರು ಹುಡುಕಿದಳು. ಅವನು ಬಾಯಿ ತೆರೆದುಕೊಂಡು ಕಾಯುತ್ತಿದ್ದ.