ಬುದ್ಧಿ ಹೇಳಿಸಲು ಕರೆದ ವಿಜ್ಞಾನಿ

ಕಳೆದ ಶನಿವಾರ ನಮ್ಮನೆಗೆ ಊಟಕ್ಕೆ ಬಂದಿದ್ದ ಅತಿಥಿ, ಬಿಸಿಬೇಳೆಭಾತಿನ ತಟ್ಟೆ ಪಕ್ಕಕ್ಕೆ ಸರಿಸಿ ನನ್ನನ್ನು ನೇರವಾಗಿ ಕೇಳಿಬಿಟ್ಟರು: “ನನ್ನನ್ನು ಯಾಕೆ ಕರೆದಿರಿ?”

ಯಾರಾದರೂ ಹೀಗೆ ಕೇಳ್ತಾರಾ? ನಮ್ಮವರಾದರೆ ಮನೆಗೆ ಹೋದ ಮೇಲೆ ಮಾತಾಡಿಕೊಳ್ತಾರೆ.

ಅತಿಥಿಯ ಹೆಸರು ರೆನಾಟೆ. ಜರ್ಮನಿಯವರು. ಮೈಸೂರು ಬಿಟ್ಟು ನಾವು ಬಂದು ನೆಲೆಸಿದ ಈ ಸ್ಟ್ರೀಟ್ಸ್‌ವಿಲ್‌ನಲ್ಲಿ ನಮ್ಮ ಪಕ್ಕದ್ದು ಅವರ ಮಗನ ಮನೆ. ರಿಟೈರ್ ಆದ ಮೇಲೆ ಅಲ್ಲೇ ಇದ್ದಾರೆ. ಡ್ರೈವ್‌ವೇನಲ್ಲಿ ಸ್ನೋ ತೆಗೆಯುವಾಗ ಪರಿಚಯವಾಯಿತು. ಯಾರೋ ಅಜ್ಜಿ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಪಾರ್ಟಿಕಲ್ ಫಿಸಿಕ್ಸ್‌ನಲ್ಲಿ ದೊಡ್ಡ ಹೆಸರಂತೆ. ಪ್ರಯೋಗಕ್ಕೆಂದು ತೋಡಿದ ನೆಲದಡಿಯ ಸುರಂಗದಲ್ಲಿ ಕೇಬಲ್ ಬೆಸೆಯುವುದರಿಂದ ಶುರುಮಾಡಿ, ಹತ್ತಾರು ದೇಶಗಳ ವಿಜ್ಞಾನಿಗಳ ತಂಡಕ್ಕೆ ಮುಖ್ಯಸ್ಥೆಯಾದವರು.

ನನ್ನ ತಲೆಯಲ್ಲಿ ಬಲ್ಬು ಹತ್ತಿತು.

ಮಗಳು ಅನಘಾ ಅದೇ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಇದ್ದರೂ ಇರಬಹುದು ಅನ್ನುವಂಥ ಒಂದು ಕಣವನ್ನು ಹುಡುಕುತ್ತಾ. ವರ್ಷಗಳಾದವು, ಏನೂ ಸಿಕ್ಕಿಲ್ಲ. ಅಷ್ಟರಲ್ಲಿ ಡೌನ್‌ಟೌನಿನ ಬ್ಯಾಂಕೊಂದರಿಂದ ಕೆಲಸದ ಆಫರ್ ಬಂದಿತ್ತು. ಪಿಎಚ್‌ಡಿ ಬಿಟ್ಟು ಸೇರಬೇಕಿತ್ತು. ಬುಧವಾರದೊಳಗೆ ಉತ್ತರ ಕೊಡಬೇಕಿತ್ತು. ನನಗಂತೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಇಂಥ ಹೊತ್ತಲ್ಲಿ ನಾವೇನು ಮಾಡ್ತೀವಿ? ದೊಡ್ಡವರೊಬ್ಬರನ್ನು ಊಟಕ್ಕೆ ಕರೆದು ಬುದ್ಧಿ ಹೇಳಿಸ್ತೀವಿ. (ಮೈಸೂರಿನಲ್ಲಿ ನನಗೂ ಹೀಗೇ ಒಬ್ಬ ಮೇಷ್ಟ್ರನ್ನು ಕರೆಸಿದ್ದರು. ಚಿರೋಟಿ ತಿಂದು, ಆರ್ಟ್ಸ್ ಬೇಡ ಅಂದು, ಎದ್ದು ಹೋದರು.)

“ನೀವೂ ಇಂಥದೇ ಒಂದು ಕಣವನ್ನು ಅಷ್ಟು ವರ್ಷ ಹುಡುಕಿದಿರಲ್ಲ, ಕೊನೆಗೆ ಸಿಕ್ಕಿತಾ?” ಎಂದು ಊಟದ ನಡುವೆ ರೆನಾಟೆಯನ್ನು ಕೇಳಿದೆ. ಉತ್ತರ ಗೊತ್ತಿದ್ದೇ ಕೇಳಿದ್ದು.

“ಇಲ್ಲ.”

ಒಳಗೊಳಗೇ ಖುಷಿಯಾಯಿತು. “ಬೇಜಾರಾಗಲಿಲ್ವಾ?”

“ತುಂಬಾ ಆಯಿತು. ಆದರೆ ನಾವು ಹುಡುಕಿದ ಜಾಗದಲ್ಲಿ ಇನ್ನು ಯಾರೂ ಹುಡುಕಬೇಕಿಲ್ಲ. ಮುಂದಿನವರು ಬೇರೆ ಕಡೆ ನೋಡಬಹುದು.”

ಅನಘಾ ಚಮಚ ಕೆಳಗಿಟ್ಟು ಅವರನ್ನೇ ನೋಡುತ್ತಿದ್ದಳು. ನನ್ನ ಪ್ಲಾನು ಕೈಕೊಡುತ್ತಿದೆ! “ಈಗಿನ ಮಕ್ಕಳಿಗೆ ಜಾಬ್ ಸೆಕ್ಯೂರಿಟಿ ಮುಖ್ಯ ಅಲ್ವಾ?” ಅಂದೆ. ಆಗಲೇ ಆಕೆ ತಟ್ಟೆ ಸರಿಸಿ ಆ ಪ್ರಶ್ನೆ ಕೇಳಿದ್ದು.

“ಅಮ್ಮ ವಾಂಟ್ಸ್ ಯೂ ಟು ಟೆಲ್ ಮಿ ಟು ಕ್ವಿಟ್,” ಅಂದಳು ಅನಘಾ.

“ಇನ್ನೊಂದು ಸ್ವಲ್ಪ ಮೊಸರನ್ನ?” ಅಂದರು ನಮ್ಮನೆಯವರು.

ರೆನಾಟೆ ಮಗಳ ಕಡೆ ತಿರುಗಿದರು. “ಬಿಟ್ಟುಬಿಡು ಅಂತ ನಾನು ಎಷ್ಟೋ ಜನರಿಗೆ ಹೇಳಿದ್ದೀನಿ. ಆದರೆ ಅವರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ. ನಿನ್ನನ್ನು ಬಲ್ಲೆ ಅನ್ನೋಕೆ ಒಂದು ತಟ್ಟೆ ಅನ್ನ ಸಾಲದು.”

ಆಮೇಲೆ ನನ್ನ ಕಡೆ. “ನಮ್ಮ ಪ್ರಯೋಗಗಳಲ್ಲೊಂದು ರೂಲ್ ಇದೆ. ಹೇಗೆ ಅಳೆಯಬೇಕು ಅಂತ ತೀರ್ಮಾನವಾಗುವವರೆಗೆ ರಿಸಲ್ಟ್ ಮುಚ್ಚಿಟ್ಟಿರ್ತೀವಿ. ಮೊದಲೇ ಇಣುಕಿದರೆ ನಮಗೆ ಬೇಕಾದದ್ದೇ ಕಾಣುತ್ತೆ. ಮುಖ್ಯಸ್ಥೆ ಅಂತ ನನಗೂ ರಿಯಾಯಿತಿ ಇರಲಿಲ್ಲ.”

ಯಾರಿಗೆ ಹೇಳಿದ್ದು ಅಂತ ಅರ್ಥವಾಗದಷ್ಟು ದಡ್ಡಿಯಲ್ಲ ನಾನು. ಸಿಟ್ಟು ಬಂತು. ನನ್ನ ಮಗಳ ಜೀವನವೇನು ಇವರ ಲ್ಯಾಬಾ? ಹೆತ್ತವಳು ರಿಸಲ್ಟ್ ಮುಚ್ಚಿಟ್ಟುಕೊಂಡು ಕೂರೋಕಾಗುತ್ತಾ?

ಭಾನುವಾರ ಫ್ರಿಜ್ ಖಾಲಿ ಮಾಡಿ ತೊಳೆದೆ. ಸೋಮವಾರ ಬೇಸ್‌ಮೆಂಟು. ಮಂಗಳವಾರ ರಾತ್ರಿ ತಡೆಯಲಾರದೆ ಅವಳ ರೂಮಿನ ಬಾಗಿಲು ತಟ್ಟಿದೆ. “ಡಿಸೈಡ್ ಮಾಡಿದ್ಯಾ?”

“ಸ್ಟಿಲ್ ಥಿಂಕಿಂಗ್, ಅಮ್ಮಾ.”

ಬುಧವಾರ ಬೆಳಿಗ್ಗೆ ಗಾರ್ಬೇಜ್ ಬಿನ್ ಹೊರಗಿಡುತ್ತಿದ್ದೆ. ಅತ್ತಲಿಂದ ರೆನಾಟೆ ಕೈಬೀಸಿದರು. “ಅನಘಾ ಮೊನ್ನೆಯೇ ಬ್ಯಾಂಕಿಗೆ ಬೇಡ ಅಂದಳಂತಲ್ಲ. ನನಗೂ ಹೇಳಿದಳು. ನೀವು ಸಮಾಧಾನವಾಗಿದ್ದೀರಿ ತಾನೇ?”

ಬಿನ್ ಹಿಡಿದುಕೊಂಡೇ ತಲೆಯಾಡಿಸಿದೆ. ಒಳಗೆ ಬಂದು ನೋಡಿದರೆ ನಮ್ಮನೆಯವರಿಗೂ ಗೊತ್ತು! “ನಿಂಗೆ ಹೇಳಿದ್ರೆ ಮನೇಲಿ ಯಾರಿಗೂ ನಿದ್ದೆ ಇರಲ್ಲ ಅಂತ ಸುಮ್ನಿದ್ವಿ ಕಣೇ,” ಅಂದರು.

ಕೈಗೆ ಬಂದ ಕೆಲಸ ಹೋಯಿತಲ್ಲ ಅನ್ನೋ ಸಂಕಟ ಇದ್ದೇ ಇದೆ, ಸುಳ್ಳು ಯಾಕೆ ಹೇಳಲಿ. ಆದರೆ ಆ ಬುಧವಾರದಿಂದ ಈ ಮೂರು ದಿನ ನನ್ನನ್ನು ಮನೆಯೆಲ್ಲಾ ಸುತ್ತಾಡಿಸುತ್ತಿರುವುದು ಅದಲ್ಲ.

ಏನಿದ್ದರೂ ಅಮ್ಮನಿಗೆ ಕೊನೆಯಲ್ಲಿ ಹೇಳಿದರಾಯಿತು ಅಂತ ಅವಳಿಗೆ ಕಲಿಸಿದ್ದು ಯಾರು, ನಾನೇ ಅಲ್ವಾ?