ಕಲ್ಲು ಆರಿಸುವ ನೀಲಮ್ಮ

ಎಲ್ಲ ಸರಿಯಿದ್ದ ಕೊನೆಯ ದಿನ ನನ್ನ ಅತ್ತೆ ನೀಲಮ್ಮ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಹರೆಯದಿಂದ ಮುಪ್ಪಿನವರೆಗೆ ಅದೇ ಕೆಲಸ ಮಾಡಿದವರು. ಕಣ್ಣು ಬೀದಿಯ ಮೇಲಿದ್ದರೂ ಬೆರಳು ಮೊರದಲ್ಲಿ ಹರಿದಾಡಿ ಕಲ್ಲನ್ನು ಎತ್ತಿ ಒಗೆಯುತ್ತಿತ್ತು. ಇದು ಪಾಕೀಟಿನ ಅಕ್ಕಿ, ಕಲ್ಲಿರುವುದಿಲ್ಲ ಎಂದರೆ, "ಪಾಕೀಟಿನ್ಯಾಗ ಹೋಗಬಾರದು ಅಂತ ಕಲ್ಲಿಗೆ ಯಾರು ಹೇಳ್ಯಾರ?" ಎನ್ನುತ್ತಿದ್ದರು.

ಮರುದಿನ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ಎಂದೋ ಮುಚ್ಚಿಹೋದ ಆ ಮಿಲ್ಲಿನ ಗೇಟಿನ ಮುಂದೆ ನಿಂತಿದ್ದರು. ಕರೆಯಲು ಹೋದ ನನ್ನನ್ನೇ, "ಕೆಲಸದ ಹೊತ್ತಿನ್ಯಾಗ ಯಾಕ ಬಂದಿ?" ಎಂದು ಗದರಿದರು.

ಹೊಸಪೇಟೆಯ ಡಾಕ್ಟರು ಮರೆವಿನ ಕಾಯಿಲೆ ಎಂದು ಗುಳಿಗೆ ಬರೆದರು. ವಾಸಿಯಾಗುವುದಿಲ್ಲ, ಸಂಭಾಳಿಸಬೇಕು ಎಂದರು. ಸಂಭಾಳಿಸುವುದೆಂದರೆ ಏನೆಂದು ಅವರೇ ನಮ್ಮ ಮನೆಗೆ ಬಂದು ನೋಡಬೇಕಿತ್ತು. ಉಂಡ ತಾಟು ತೊಳೆಯುವಷ್ಟರಲ್ಲಿ "ಉಣ್ಣಾಕ ಹಾಕಿಲ್ಲ" ಎಂದು ಪಕ್ಕದ ಮನೆಗೆ ದೂರು. ಬಾಗಿಲಿಗೆ ಚಿಲಕ ಹಾಕಿದರೆ ಓಣಿಗೆಲ್ಲ ಕೇಳುವಂತೆ ಬಡಿಯುವುದು. ಗುಳಿಗೆ ಕೊಟ್ಟರೆ ಉಗುಳುವುದು. ಸಂಡೂರಿನ ಗಣಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಬಸ್ಸು ಹಿಡಿಯುವ ಅವಸರದಲ್ಲಿ, "ಅನ್ನದಾಗ ಮುಚ್ಚಿ ಹಾಕು. ಅವ್ವಗ ಏನ್ ತಿಳೀತೈತಿ?" ಎಂದರು.

ಕಲ್ಲು ಆರಿಸಿಯೇ ಬದುಕಿದವರಿಗೆ ಅನ್ನದಲ್ಲಿ ಗುಳಿಗೆ! ಆದರೂ ಹಾಗೇ ಮಾಡಿದೆ. ಮೊದಲ ತುತ್ತಿಗೇ ಅವರ ಬೆರಳು ನಿಂತಿತು. ಗುಳಿಗೆಯನ್ನು ತಾಟಿನ ಅಂಚಿಗಿಟ್ಟು, "ಕಲ್ಲು ತಿನ್ನಿಸಿ ಕೊಲ್ತೀಯೇನ, ಸರೋಜಾ?" ಎಂದರು. ಉಳಿದಂತೆ ಮರೆತೇಹೋಗಿದ್ದ ನನ್ನ ಹೆಸರು ಇದಕ್ಕೆ ನೆನಪಾಗಿತ್ತು.

ಅಂದಿನಿಂದ ನಾನು ಬಡಿಸಿದ್ದನ್ನು ಮುಟ್ಟಲಿಲ್ಲ. ಬೈದೆ, ಬೇಡಿದೆ, ಕೈ ಮುಗಿದೆ. ಅವರ ಮೈ ಇಳಿಯುತ್ತಾ ಬಂತು. "ನಿಮ್ಮವ್ವಗ ಏನೂ ತಿಳಿಯಂಗಿಲ್ಲ ಅಂದ್ರಲ್ಲ, ಈಗ ನೀವ ಉಣ್ಣಸ್ರಿ" ಎಂದು ಗಂಡನ ಮೇಲೆ ರೇಗಿದೆ. ಮಗ ತುತ್ತು ಹಿಡಿದರೂ "ಆಕಿ ಮಾಡಿದ್ದು" ಎಂದು ಬಾಯಿ ಬಿಗಿದರು.

ಡಾಕ್ಟರು ನಮ್ಮಿಬ್ಬರನ್ನೂ ಬೈದರು. "ಕದ್ದು ಕೊಟ್ಟರೆ ನಂಬಿಕೆ ಹೋಗುತ್ತೆ. ವಾದ ಮಾಡಬೇಡಿ. ಅವರಿಗೆ ಗೊತ್ತಿರೋ ಕೆಲಸ ಕೊಡಿ, ಜೊತೆಗೆ ಕೂತ್ಕೊಳ್ಳಿ."

ಮನೆಗೆಲಸ ಬಿಟ್ಟು, ಮೊರದ ತುಂಬ ಅಕ್ಕಿ ಸುರಿದುಕೊಂಡು ಎದುರಿಗೆ ಕೂತೆ. ಅತ್ತೆಗೆ ನಾನು ಮಿಲ್ಲಿನ ಹೆಂಗಸಾದೆ. "ಜಲ್ದಿ ಕೈ ಆಡಸಲೇ, ಮೇಸ್ತ್ರಿ ಬರ್ತಾನ" ಎಂದು ಅವಸರ ಮಾಡುತ್ತಿದ್ದರು. ಬುತ್ತಿ ಬಿಚ್ಚಿದರೆ ನನ್ನ ಕೈತುತ್ತು ಉಂಡರು. ಗುಳಿಗೆಯನ್ನು ಅಂಗೈಯಲ್ಲಿಟ್ಟು ತೋರಿಸಿದರೆ ನುಂಗಿದರು.

"ನಮ್ಮ ಸೊಸಿ ಅದಾಳಲ್ಲ, ಅನ್ನದಾಗ ಕಲ್ಲು ಇಡ್ತಾಳ. ನೀನು ಚಲೋ ಅದಿ."

"ಆಕಿ ಅಂಥಾಕಿ ಅಲ್ರಿ."

"ನೀನೂ ಆಕಿ ಕಡೆಯಾಕೀನ ಏನು?" ಎಂದು ಬಾಯಿ ಮುಚ್ಚುತ್ತಿದ್ದರು.

"ಇಲ್ರಿ, ಭಾಳ ಕೆಟ್ಟಾಕಿ ಬಿಡ್ರಿ" ಎಂದ ಮೇಲೆಯೇ ಬಾಯಿ ತೆರೆಯುತ್ತಿದ್ದರು. ದಿನವೂ ಹೀಗೆ ನನ್ನನ್ನು ನಾನೇ ಬೈದುಕೊಂಡು ಅವರಿಗೆ ಉಣ್ಣಿಸಿದೆ.

ಈ ಚಳಿಗಾಲದಲ್ಲಿ ತೀರಿಕೊಂಡರು. ಕೊನೆಯ ತುತ್ತೂ ನನ್ನ ಕೈಯಿಂದಲೇ. ಚೆನ್ನಾಗಿ ನೋಡಿಕೊಂಡೆ ಎಂದು ಓಣಿಯವರು ಹೇಳುತ್ತಾರೆ. ಆದರೆ ಆ ಗುಳಿಗೆ ಸಿಕ್ಕ ದಿನದಿಂದ, ಸೊಸೆಯ ಕೈತುತ್ತು ಎಂದು ಗೊತ್ತಿದ್ದು ಅವರು ಒಂದು ಅಗುಳೂ ಉಣ್ಣಲಿಲ್ಲ.