ಸೌತೆಗೆ ಬಾವಿಯ ಬಿಸಿ

ನೊರ್ಬರ್ಟ್ ನನ್ನ ತಮ್ಮ. ಕೊಲ್ಲಿ ಯುದ್ಧ ಮುಗಿದ ಮರುವರ್ಷ ಕುವೈತಿಗೆ ಬಂದವನು, ವಫ್ರಾದ ಒಂದು ತರಕಾರಿ ತೋಟದಲ್ಲಿ ಪಂಪು ನೋಡಿಕೊಳ್ಳುತ್ತಿದ್ದ. ನಮ್ಮಿಬ್ಬರಿಗೂ ವೀಸಾ ಕೊಟ್ಟ ಕಫೀಲ, ಎಂದರೆ ಧಣಿ, ಆ ತೋಟದವನೇ; ನಾನು ಅವನ ಮನೆಯ ಅಡುಗೆಯವಳು. ಚಳಿಗಾಲದಲ್ಲಿ ಆ ಮನೆಯವರು ತೋಟದಲ್ಲೇ ಉಳಿಯುವರು, ಹಾಗಾಗಿ ನಾನೂ ಅಲ್ಲೇ.

ನೊರ್ಬರ್ಟನಿಗೆ ಕೂತು ಗೊತ್ತಿಲ್ಲ. ಚಾ ಕುಡಿಯುವುದೂ ನಡೆಯುತ್ತಲೇ. ಇಗರ್ಜಿಯಲ್ಲಿ ಪಾದ್ರಿಗಳ ಪ್ರಸಂಗ ಮುಗಿಯುವುದರೊಳಗೆ ಎರಡು ಸಲ ಹೊರಗೆ ಹೋಗಿ ಬರುತ್ತಿದ್ದ.

ಆ ತೋಟದ ಕೊಳವೆಬಾವಿ ಬಹಳ ಆಳ. ನೀರು ಉಪ್ಪು, ನೆಲದೊಳಗಿಂದ ಬರುವಾಗಲೇ ಬಿಸಿ. ಹೆಪ್ಪು ಹಾಕುವ ಮೊದಲು ಹಾಲಿಗೆ ಬೆರಳಿಟ್ಟು ನೋಡುತ್ತೇವಲ್ಲ, ಅಷ್ಟು ಬಿಸಿ. ಗಿಡಕ್ಕೆ ಅದು ಆಗದು. ಸಿಮೆಂಟು ತೊಟ್ಟಿಯಲ್ಲಿ ಒಂದು ದಿನ ಆರಲು ಬಿಟ್ಟು, ಸಿಹಿನೀರು ಬೆರೆಸಿ ಕೊಡುವುದು.

2008ರ ಜನವರಿಯಲ್ಲಿ ಮರಳಿನ ಮೇಲೆ ಬಿಳಿ ಹಿಮ ಕಂಡಿತು. ಗಿಡ ಬೆಳೆಸಲು ಪ್ಲಾಸ್ಟಿಕ್ ಹೊದಿಸಿ ಕಟ್ಟಿದ ಮನೆಗಳೊಳಗೆ ಸೌತೆಯ ಎಲೆ ಮುದುಡಿತು.

"ಇದ್ದ ಬಿಸಿಯನ್ನು ತೊಟ್ಟಿಯಲ್ಲಿ ಆರಿಸಿ ಹಾಳು ಮಾಡುತ್ತೇವೆ, ಗಿಡ ಚಳಿಗೆ ಸಾಯುತ್ತದೆ," ಎಂದ ನೊರ್ಬರ್ಟ್. "ಪೈಪಿನಲ್ಲಿ ಸಾಲುಗಳ ನಡುವೆ ಹರಿಸಿ, ಆಮೇಲೆ ತೊಟ್ಟಿಗೆ ಬಿಡೋಣ."

ಕಫೀಲ ಒಂದೇ ಪ್ಲಾಸ್ಟಿಕ್ ಮನೆಗೆ ಒಪ್ಪಿದ. "ಪೈಪು ಸೋರಿ ಉಪ್ಪುನೀರು ಬೇರಿಗೆ ತಾಗಿದರೆ ಖಲಾಸ್. ಫೆಬ್ರವರಿಯಲ್ಲಿ ನಿನ್ನ ಇಕಾಮಾ ಮುಂದುವರಿಸುವುದಿಲ್ಲ, ಊರಿಗೆ ಹೋಗು."

ಇಕಾಮಾ ಎಂದರೆ ಅಲ್ಲಿ ಉಳಿಯುವ ಪರವಾನಗಿ, ಕಫೀಲನಿಲ್ಲದೆ ಅದು ಸಿಗದು. ನೊರ್ಬರ್ಟನಿಗೆ ಐವತ್ತೆಂಟು. ಆ ವಯಸ್ಸಿಗೆ ಬೇರೆ ಕಫೀಲ ಎಲ್ಲಿ ಸಿಗುತ್ತಾನೆ?

ಅವನು ಪೈಪು ಜೋಡಿಸುವಾಗ ಟ್ರ್ಯಾಕ್ಟರ್ ಓಡಿಸುವ ರೋಹಿದಾಸ ಬಂದು ನಿಂತ. ನಮ್ಮೂರ ಕಡೆ ಕ್ರಿಸ್ತರನ್ನು ಕರೆಯುವ ಹಾಗೆ ಅವನು ನೊರ್ಬರ್ಟನನ್ನು ಪೊರ್ಬು ಎನ್ನುತ್ತಿದ್ದ. "ಪೊರ್ಬುಗಳೇ, ಸೌತೆಗೆ ಬಿಸಿನೀರು ಆಯಿತು. ಸಾಬೂನು ತರಲಾ?"

"ಮೊದಲು ನೀನು ಮೀಯು ಮಾರಾಯ. ಅವು ಬಾಡಿದ್ದೇ ನಿನ್ನ ವಾಸನೆಗೆ."

ಮೂರು ಗಂಟೆಗೆ ನೀರು ಬಿಟ್ಟ. ಪೈಪಿಗೆ ಹನ್ನೊಂದು ಜೋಡಣೆ. ಒಳಗೆ ಹೋಗಿ ಎಲ್ಲ ಮುಟ್ಟಿ ನೋಡಿದ, ಹೊರಗೆ ಬಂದ, ಮತ್ತೆ ಹೋದ. ನಾನು ಅಡುಗೆಮನೆ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಕತ್ತಲಾಗುವುದರೊಳಗೆ ಹದಿನೇಳು ಸಲ ಆಯಿತು.

"ಅಕ್ಕಾ, ಏಳನೆಯದು ಒದ್ದೆ!"

"ಮೇಲಿನ ಪ್ಲಾಸ್ಟಿಕ್ಕಿಂದ ಬಿದ್ದ ಹನಿ ಇರಬೇಕು. ನಾಲಗೆಗೆ ಹಚ್ಚಿ ನೋಡು."

ಹಚ್ಚಿದ. ಉಪ್ಪಿರಲಿಲ್ಲ. ಆದರೂ ಹೋದ. ಬೆಳಗಾಗುವವರೆಗೂ ಹಾಗೆಯೇ ಹೋಗಿ ಬರುತ್ತಿದ್ದನಂತೆ.

ಬೆಳಿಗ್ಗೆ ಬೇರೆ ಮನೆಗಳ ಎಲೆಯೆಲ್ಲ ಬೇಯಿಸಿದ ಹಾಗೆ ಕಪ್ಪಾಗಿತ್ತು. ಇವನದು ಹಸಿರಾಗಿತ್ತು, ಆದರೆ ಬಾಗಿಲ ಬಳಿಯ ಎರಡು ಸಾಲು ಸತ್ತಿದ್ದವು.

"ಉಪ್ಪು ತಾಗಿತು," ಎಂದು ನೊರ್ಬರ್ಟ್ ತಲೆಯ ಮೇಲೆ ಕೈ ಹೊತ್ತ.

ನಾನು ಅಲ್ಲಿಯ ಮಣ್ಣನ್ನು ನಾಲಗೆಗೆ ಹಚ್ಚಿದೆ. ಉಪ್ಪಿಲ್ಲ. ಜೋಡಣೆಗಳೂ ಒಣಗಿದ್ದವು. "ಉಪ್ಪಲ್ಲ. ನೀನು ಬಾಗಿಲು ತೆಗೆದಾಗಲೆಲ್ಲ ಚಳಿ ಒಳಗೆ ಬಂದಿದೆ."

ಹೊರಗೆ ಕಫೀಲನ ಕಾರು ನಿಂತಿತು. ರೋಹಿದಾಸ ಮೆಲ್ಲಗೆ, "ಬಾಗಿಲು ಗಾಳಿಗೆ ತೆರೆಯಿತು ಅಂತ ಹೇಳಿ, ಪೊರ್ಬುಗಳೇ," ಎಂದ.

ಕಫೀಲ ಒಳಗೆ ಬರುವ ಮೊದಲೇ ನೊರ್ಬರ್ಟ್ ಹೇಳಿಬಿಟ್ಟ. "ಬಾಗಿಲು ತೆಗೆದು ತೆಗೆದು ಇವನ್ನು ಕೊಂದದ್ದು ನಾನು. ನನಗೆ ಕೂರಲಿಕ್ಕೆ ಆಗಲಿಲ್ಲ."

ಕಫೀಲ ಕೊನೆಯ ಸಾಲಿನವರೆಗೂ ನಡೆದ. ಎಲೆ ಮುಟ್ಟಿದ, ಪೈಪಿನ ಮೇಲೆ ಕೈಯಿಟ್ಟ. ಹಿಂದೆ ಮುಂದೆ ಓಡಾಡುತ್ತಿದ್ದ ನೊರ್ಬರ್ಟನಿಗೆ, "ನಿಲ್ಲು!" ಎಂದ. ಅವನು ನಿಂತ.

"ಎಲ್ಲ ಮನೆಗೂ ಪೈಪು ಹಾಕು. ಬಾಗಿಲಿಗೆ ಬೀಗ. ಬೀಗದ ಕೈ ನಿನ್ನ ಅಕ್ಕನ ಹತ್ತಿರ ಇರಲಿ."

ಫೆಬ್ರವರಿಯಲ್ಲಿ ಇಕಾಮಾ ಆಯಿತು. ಮುಂದಿನ ಚಳಿಗಾಲದಲ್ಲಿ ಸಂಜೆ ಅವನು ಎಷ್ಟು ಬೇಡಿದರೂ ನಾನು ಬೀಗದ ಕೈ ಕೊಡಲಿಲ್ಲ. ಪ್ಲಾಸ್ಟಿಕ್ಕಿಗೆ ಮುಖ ಒತ್ತಿ ಒಳಗೆ ನೋಡುತ್ತ ಆ ಮನೆಗಳ ಸುತ್ತ ತಿರುಗುತ್ತಿದ್ದ. ಜನವರಿ ಕಳೆಯುವಾಗ ಮರಳಿನಲ್ಲಿ ಅವನದೇ ಒಂದು ದಾರಿ ಬಿದ್ದಿತ್ತು.